ಉಳಿದ 355 ಸಂಜೆಗಳು

ಪರಸ್ಥಳದಿಂದ ಬಂದ ಪ್ರವಾಸಿ ಯಾವ ಊರಿನಲ್ಲಾದರೂ ಮೊದಲು ಕೇಳುವ ಪ್ರಶ್ನೆ, ಇಲ್ಲಿ ನೋಡತಕ್ಕದ್ದೇನಿದೆ ಎಂಬುದು. ಆ ಊರಿನಲ್ಲಿಯೇ ಬಾಳುವವನ ಪ್ರಶ್ನೆ ಬೇರೆ. ದಿನದ ದುಡಿಮೆ ಮುಗಿದ ಮೇಲೆ ಸಂಜೆಯ ಎರಡು ಗಂಟೆಯ ಬಿಡುವನ್ನು ಎಲ್ಲಿ ಕಳೆಯಲಿ, ಯಾರೊಡನೆ ಕಳೆಯಲಿ ಎಂಬುದು ಅವನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳಲು ಇಲಾಖೆಗಳಿವೆ, ಕೈಪಿಡಿಗಳಿವೆ, ಬಣ್ಣದ ಚಿತ್ರಗಳಿವೆ. ಎರಡನೆಯದಕ್ಕೆ ಉತ್ತರ ಹೇಳುವ ಹೊಣೆ ತಮ್ಮದೆಂದು ಭಾವಿಸಿದವರು ವಿರಳ.

ಮೈಸೂರನ್ನೇ ತೆಗೆದುಕೊಳ್ಳೋಣ. ಮಹಾನಗರದ ಗದ್ದಲವೂ ಅಲ್ಲದ, ಸಣ್ಣ ಪೇಟೆಯ ಇಕ್ಕಟ್ಟೂ ಅಲ್ಲದ ನಡುತರದ ನಗರವಿದು. ಭಾನುವಾರ ಸಂಜೆ ಸುಮಾರು 1 ಲಕ್ಷ ದೀಪಗಳು ಒಮ್ಮೆಲೇ ಹೊತ್ತಿ ಅರಮನೆ ಬೆಳಗುವುದನ್ನು ಕಂಡು ಹೊರಗಿನವರು ಬೆರಗಾಗುತ್ತಾರೆ. ಬೆರಗಾಗತಕ್ಕ ನೋಟವೇ ಅದು. ಆದರೆ ಊರಿನವನು ಅದನ್ನು ವರ್ಷಕ್ಕೆ ಎಷ್ಟು ಸಲ ನೋಡಿಯಾನು? ದಸರೆಯ ಸಂಭ್ರಮವೂ ಹತ್ತು ದಿನಗಳದು. ವರ್ಷದ ಉಳಿದ 355 ಸಂಜೆಗಳ ಗತಿಯೇನು? ಒಂದು ನಗರದ ರಸಿಕತೆಯನ್ನು ಅಳೆಯಬೇಕಾದುದು ಈ ಸಂಜೆಗಳಿಂದ ಎಂಬುದು ನಮ್ಮ ಅಭಿಮತ.

ಈ ವಿಷಯದಲ್ಲಿ ಮೈಸೂರಿಗೆ ಹಿರಿಯರು ಬಿಟ್ಟುಹೋದ ಆಸ್ತಿ ಸಣ್ಣದಲ್ಲ. ಪ್ಲೇಗಿನ ಹಾವಳಿಯಿಂದ ನೊಂದ ಊರು 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡನ್ನು ಪಡೆಯಿತು. ಅಗಲವಾದ ಬೀದಿಗಳು, ಬಡಾವಣೆಗಳ ನಡುವಣ ಬಯಲುಗಳು, ತೋಟಗಳು ಇವೆಲ್ಲ ಬರಿಯ ಶೋಭೆಗೆಂದು ಹುಟ್ಟಿದವಲ್ಲ. ಗಾಳಿ ಬೆಳಕುಗಳಿಲ್ಲದೆ ಜನ ಬದುಕಲಾರರೆಂಬ ಕಹಿಯಾದ ಪಾಠದಿಂದ ಹುಟ್ಟಿದವು. ಅದಕ್ಕೂ ಮೊದಲು, 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ನೀರಿನ ಅಗತ್ಯಕ್ಕಾಗಿ ಆದುದು. ಮುಂದೆ ಅದರ ಏರಿಯೇ ಊರಿನ ಸಂಜೆಯ ಸಂಚಾರಕ್ಕೆ ಹಾದಿಯಾಯಿತು. ಕುವೆಂಪು ಅವರು ಅಲ್ಲಿ ನಡೆದರು, ಆರ್. ಕೆ. ನಾರಾಯಣ್ ಅವರೂ ನಡೆದರು. ಅವರ ಜೊತೆಗೇ ಹೆಸರಿಲ್ಲದ ಎಷ್ಟೋ ಮಂದಿ ವಿದ್ಯಾರ್ಥಿಗಳು, ಗುಮಾಸ್ತರು, ಉಪಾಧ್ಯಾಯರು ನಡೆದರು. ಕವಿಗೂ ಗುಮಾಸ್ತನಿಗೂ ಕೆರೆಯ ಏರಿ ಒಂದೇ ಆಗಿತ್ತೆಂಬುದು ಇಲ್ಲಿ ಮುಖ್ಯ.

ಸಂಗೀತದ ಮಾತಿಗೆ ಬಂದರೆ, ವಾಣಿವಿಲಾಸ ಮೊಹಲ್ಲಾದ ಎಂಟನೆಯ ಕ್ರಾಸಿನ ಗಣೇಶೋತ್ಸವವನ್ನು ಸ್ಮರಿಸದಿರಲಾಗದು. 1962ರಲ್ಲಿ ಮೊದಲಾದ ಈ ಉತ್ಸವದಲ್ಲಿ ಬೀದಿಗೇ ಚಪ್ಪರ ಏಳುತ್ತದೆ. ದೊಡ್ಡ ಸಭಾಗೃಹಗಳಲ್ಲಿ ಹಣ ಕೊಟ್ಟು ಕೇಳಬೇಕಾದ ವಿದ್ವಾಂಸರು ಅಲ್ಲಿ ಬೀದಿಯ ಜನಕ್ಕಾಗಿ ಹಾಡುತ್ತಾರೆ, ನುಡಿಸುತ್ತಾರೆ. ಮುಂದಿನ ಸಾಲಿನಲ್ಲಿ ರಾಗದ ಸೂಕ್ಷ್ಮಗಳನ್ನು ಬಲ್ಲವರು ತಲೆದೂಗುತ್ತಾರೆ. ಹಿಂದೆ ತರಕಾರಿಯ ಚೀಲವನ್ನು ಕೈಯಲ್ಲಿ ಹಿಡಿದವನೊಬ್ಬ ನಿಂತೇ ಕೇಳಿ, ಒಂದು ಕೃತಿ ಮುಗಿದೊಡನೆ ಮನೆಗೆ ಹೊರಡುತ್ತಾನೆ. ಅವನನ್ನು ಏಕೆ ಬಂದೆ ಎಂದು ಕೇಳುವವರಿಲ್ಲ, ಏಕೆ ಹೊರಟೆ ಎಂದು ಕೇಳುವವರೂ ಇಲ್ಲ. ಕಲೆಯ ಪರಿಚಯ ಅನೇಕರಿಗೆ ಆಗುವುದು ಹೀಗೆ, ಹಾದಿ ನಡೆಯುತ್ತಿರುವಾಗ.

ನಾಟಕದ ಕಥೆಯೂ ಹಾಗೆಯೇ. ದಿವಾನ್ ರಂಗಾಚಾರ್ಲು ಅವರ ಸ್ಮರಣೆಗಾಗಿ 1884ರಲ್ಲಿ ಎದ್ದ ಪುರಭವನವಿದೆ. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣವಿದೆ. 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಾಯಣದ ಬಯಲಿನಲ್ಲಿ ರಂಗರೂಪ ತಾಳಿದಾಗ ಪ್ರೇಕ್ಷಕರು ರಾತ್ರಿಯೆಲ್ಲ ಕುಳಿತು, ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದುಹೋಗಿ ನೋಡಿದರು. ದೊಡ್ಡ ಕಾದಂಬರಿಗಳನ್ನು ಓದುವವರೇ ಇಲ್ಲವೆಂಬ ಗೊಣಗಾಟಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಜನಕ್ಕೆ ಅಭಿರುಚಿಯಿಲ್ಲವೆಂದು ಹೇಳುವವರು, ಜನಕ್ಕೆ ಕುಳಿತುಕೊಳ್ಳಲು ಜಾಗ ಕೊಟ್ಟಿದ್ದೇವೆಯೇ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು.

ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಹೂಡಿದುದೂ ಈ ಊರಿನಲ್ಲಿಯೇ. ಆಕಾಶವಾಣಿಯೆಂಬ ಹೆಸರು ಆ ಕೇಂದ್ರದಿಂದ ಬಂದಿತು. ಮುಂದೆ ನಮ್ಮ ಅನೇಕ ಊರುಗಳ ಉದ್ಯಾನಗಳಲ್ಲಿ ಪುರಸಭೆಯ ರೇಡಿಯೊ ಸಂಜೆಯ ಹೊತ್ತು ಮಾತನಾಡುತ್ತಿತ್ತು. ಹುಲ್ಲಿನ ಮೇಲೆ ಕುಳಿತ ಅಪರಿಚಿತರು ಒಂದೇ ವಾರ್ತೆಯನ್ನು, ಒಂದೇ ಗೀತವನ್ನು ಕೂಡಿ ಕೇಳುತ್ತಿದ್ದರು. ಇಂದು ಪ್ರತಿಯೊಬ್ಬನ ಅಂಗೈಯಲ್ಲಿಯೂ ಜಗತ್ತಿನ ಸಂಗೀತವೆಲ್ಲ ಇದೆ. ಇದು ಲಾಭವಲ್ಲವೆಂದು ನಾವು ಹೇಳೆವು. ಹಿಂದೆ ಪಂಡಿತನಿಗೂ ದುರ್ಲಭವಾಗಿದ್ದ ಗಾಯನ ಇಂದು ಹಳ್ಳಿಯ ಹುಡುಗನಿಗೂ ಕೈಗೆಟುಕಿದೆ. ಆದರೆ ಕೂಡಿ ಕೇಳುವ ಸುಖವೆಂಬುದೊಂದಿದೆ. ಅದನ್ನು ಅಂಗೈಯ ಯಂತ್ರ ತಂದುಕೊಡಲಾರದು.

ಚಲನಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ಹಳೆಯ ಚಿತ್ರಮಂದಿರದಲ್ಲಿ ಬಾಲ್ಕನಿಯವನೂ ಗಾಂಧಿ ಕ್ಲಾಸಿನವನೂ ಒಂದೇ ಸೂರಿನಡಿ ಒಂದೇ ಹಾಸ್ಯಕ್ಕೆ ನಗುತ್ತಿದ್ದರು. ಅಂಥ ಮಂದಿರಗಳು ಒಂದೊಂದಾಗಿ ಮುಚ್ಚುತ್ತಿವೆ. ಮೈಸೂರಿನ ‘ಶಾಂತಲಾ’ 2020ರಲ್ಲಿ ಬಾಗಿಲು ಹಾಕಿತು. ಈಗಿನ ಮಳಿಗೆಗಳೊಳಗಣ ಚಿತ್ರಮಂದಿರಗಳು ಅಚ್ಚುಕಟ್ಟಾಗಿವೆ, ತಂಪಾಗಿವೆ. ಅಲ್ಲಿಗೆ ಹೋಗುವವರನ್ನು ಜರೆಯುವುದು ನ್ಯಾಯವಲ್ಲ. ಆದರೆ ಅಲ್ಲಿ ಗಾಂಧಿ ಕ್ಲಾಸಿಲ್ಲ. ಕೊಳ್ಳುವ ಶಕ್ತಿಯುಳ್ಳವನಿಗೆ ಮಾತ್ರ ಬಿಡುವನ್ನು ಅನುಭವಿಸುವ ಅಧಿಕಾರವೆಂಬ ಸ್ಥಿತಿ ಬಂದರೆ, ಊರೆಂಬುದು ಬರಿಯ ಪೇಟೆಯಾಗಿ ಉಳಿದೀತು.

ಈ ನಷ್ಟ ಯಾರ ಪಾಲಿಗೆ ಬರುತ್ತದೆ? ಹಾಸ್ಟೆಲಿನ ಇಕ್ಕಟ್ಟಾದ ಕೋಣೆಯ ವಿದ್ಯಾರ್ಥಿಯ ಪಾಲಿಗೆ. ಪಿಂಚಣಿಯಲ್ಲಿ ದಿನ ನೂಕುವ ಉಪಾಧ್ಯಾಯರ ಪಾಲಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಕತ್ತಲಾದ ಮೇಲೆ ಮನೆಗೆ ಮರಳುವುದು ಹೇಗೆಂಬ ಚಿಂತೆಯಿಂದ ನಾಟಕವನ್ನು ಅರ್ಧಕ್ಕೇ ಬಿಟ್ಟು ಏಳುವ ಹೆಣ್ಣುಮಕ್ಕಳ ಪಾಲಿಗೆ. 2023ರ ಜೂನ್ ತಿಂಗಳಿಂದ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿರುವುದು ಸಂತೋಷದ ಸಂಗತಿ. ಆದರೆ ನಾಟಕ ಮುಗಿಯುವ ಹೊತ್ತಿಗೆ ದೂರದ ಬಡಾವಣೆಗೆ ಬಸ್ಸೇ ಇರದಿದ್ದರೆ ಆ ಉಚಿತದಿಂದ ಏನು ಬಂತು? ಊರು ವರ್ತುಲ ರಸ್ತೆಯನ್ನೂ ದಾಟಿ ಬೆಳೆದಿದೆ. ಕೆರೆ, ಪುರಭವನ, ರಂಗಾಯಣ, ಹಳೆಯ ತೋಟಗಳು ಎಲ್ಲವೂ ಇದ್ದಲ್ಲಿಯೇ ಇವೆ.

ಇದಕ್ಕೆ ಪರಿಹಾರ ಕೋಟಿಗಟ್ಟಲೆ ಹಣದ ಹೊಸ ಕಟ್ಟಡಗಳಲ್ಲ. ನಾಟಕ, ಕಛೇರಿಗಳು ಮುಗಿಯುವ ವೇಳೆಗೆ ಮುಖ್ಯ ಬಡಾವಣೆಗಳಿಗೆ ಒಂದೊಂದು ಬಸ್ಸು ಹೊರಡಲಿ. ಉದ್ಯಾನಗಳಲ್ಲಿ ಮೊದಲು ದೀಪವೂ ಶುಚಿಯಾದ ಶೌಚಾಲಯವೂ ಬರಲಿ. ಪುತ್ಥಳಿಗಳು ಆಮೇಲೆ ಬಂದಾವು. ಶಾಲೆಯ ಗಂಟೆ ಬಾರಿಸಿದೊಡನೆ ಬೀಗ ಬೀಳುವ ಆಟದ ಬಯಲುಗಳು ಸಂಜೆ ಸುತ್ತಮುತ್ತಣ ಮಕ್ಕಳಿಗೆ ತೆರೆಯಲಿ. ಸಭಾಗೃಹಗಳ ಬಾಡಿಗೆಯಲ್ಲಿ ಮದುವೆಯವರಿಗೂ ಹವ್ಯಾಸಿ ನಾಟಕದವರಿಗೂ ಭೇದವಿರಲಿ. ವಾರದ ಕಾರ್ಯಕ್ರಮಗಳ ಪಟ್ಟಿಯೊಂದು ಬಸ್ ನಿಲ್ದಾಣದಲ್ಲಿಯೂ ಗ್ರಂಥಾಲಯದಲ್ಲಿಯೂ ತೂಗಲಿ. ಬಡಾವಣೆಗೊಂದರಂತೆ ಎಂಟನೆಯ ಕ್ರಾಸು ಹುಟ್ಟಿಕೊಳ್ಳಲಿ. ಅದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ, ನಾಲ್ಕು ಮನೆಗಳ ಉತ್ಸಾಹ ಸಾಕು.

ನಮ್ಮ ವಾಚಕರಲ್ಲಿ ಅನೇಕರು ಅಧ್ಯಾಪಕರು, ಅನೇಕರು ವಿದ್ಯಾರ್ಥಿಗಳು. ಇದು ನಗರಸಭೆಯ ಕೆಲಸವೆಂದು ಅವರು ಕೈಚೆಲ್ಲಬಾರದು. ಮುಂದಿನ ಭಾನುವಾರ ಒಬ್ಬ ಅಧ್ಯಾಪಕರು ತಮ್ಮ ತರಗತಿಯ ನಾಲ್ವರು ಹುಡುಗರನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬರಲಿ. ಆ ಸಂಜೆ ಊರಿನಲ್ಲಿ ನಾಟಕವಿದ್ದರೆ ಅದನ್ನೂ ನೋಡಿ ಬರಲಿ. ಬಿಡುವನ್ನು ಸಾರ್ಥಕವಾಗಿ ಕಳೆಯುವುದು ವಿದ್ಯೆಯ ಒಂದು ಭಾಗವೇ. ಪಾಠಪಟ್ಟಿಯಲ್ಲಿ ಇಲ್ಲದ ಆ ವಿದ್ಯೆಯನ್ನು ಕಲಿಸಲು ಉಳಿದ 355 ಸಂಜೆಗಳಿವೆ.