ಕರಿದ ಎಣ್ಣಿ ಗುರ್ತು ನಮಗಿಲ್ಲೇನು?

ಗಾಡಿ ವಿಷಯದಾಗ ಹೆಣ್ಮಕ್ಕಳು ಬಾಯಿ ಹಾಕಬಾರ್ದು ಅಂತ ನಮ್ಮ ಮನ್ಯಾಗ ಯಾರೂ ಬರದು ಇಟ್ಟಿಲ್ಲ. ಆದ್ರ ಎಲ್ಲಾರೂ ಹಂಗೇ ನಡಕೊಂತಾರ. ನಾನೂ ಮೂವತ್ತು ವರ್ಷ ಹಂಗೇ ನಡಕೊಂಡೆ. ಹೋದ ವರ್ಷ ಮೇ ತಿಂಗಳದಾಗ ದೇವದುರ್ಗದ ದಾರ್ಯಾಗ ಒಂದು ಜಾಲಿಗಿಡದ ಕೆಳಗ ಒಂದೂವರಿ ತಾಸು ಕುಂತ ಮ್ಯಾಲೆ ಆ ರೂಢಿ ಬಿಟ್ಟೆ.

ಮಗಳಿಗೆ ಆಗ ಏಳು ತಿಂಗಳು. ಮಾನ್ವಿಯಾಗ ಆಕಿ ಅತ್ತಿ ಮನ್ಯಾಗ ಕುಬಸ ಮುಗಿಸಿ, ಬಾಣಂತನಕ್ಕ ರಾಯಚೂರಿಗೆ ಕರ್ಕೊಂಡು ಹೊಂಟಿದ್ವಿ. ನೆಟ್ಟಗ ಬಂದಿದ್ರ ಆಗ್ತಿತ್ತು. "ಸಿರವಾರ ಮ್ಯಾಲೆ ಹಾಸಿ ಹೋಗೂಣು, ದೇವದುರ್ಗದ ಹೊಲ ಒಮ್ಮಿ ನೋಡಿದಂಗ ಆಗ್ತದ" ಅಂದ್ರು ನಮ್ಮ ಮನಿಯವ್ರು. ನಮ್ಮದು ಹಳೇ ಫೋರ್‌ವೀಲ್ ಗಾಡಿ, ಆಟೋಮ್ಯಾಟಿಕ್. ಇವರ ಎಡಗಾಲಿನ ಮೊಣಕಾಲು ಕ್ಲಚ್ ತುಳಿಯಾಕ ಬರಂಗಿಲ್ಲ, ಅದಕ್ಕ ಮಗ ಹುಡುಕಿ ಸೆಕೆಂಡ್ ಹ್ಯಾಂಡ್ ತಂದುಕೊಟ್ಟಿದ್ದ. ಒಳಗ ಎಂಟು ಮಂದಿ, ಮ್ಯಾಲೆ ಬುತ್ತಿ ಬುಟ್ಟಿ, ಸಾಮಾನು.

ಹಿಂದಿನ ದಿನ ಅಡ್ಡ ಮಳಿ ಬಿದ್ದಿತ್ತು. ಎರಿಭೂಮಿ ನಿಮಗ ಗೊತ್ತದಲ್ಲ, ಒಣಗಿದ್ರ ಕಲ್ಲು, ನೆನೆದ್ರ ಅಂಟು. ಕಾಲುವಿ ಬಾಜೂಕಿನ ಹೊಲದ ದಾರ್ಯಾಗ ಗಾಲಿ ಹೂತು ಹೋದ್ವು. ಇವರು ಹದಿನೈದು-ಇಪ್ಪತ್ತು ನಿಮಿಷ ಎಕ್ಸಲೇಟರ್ ತುಳದು ತುಳದು ಹೊರಗ ತಗದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಅಷ್ಟರಾಗ ಮುಂದ ಒಂದು ಹಳದಿ ದೀಪ ಹತ್ತಿತ್ತು. "ಇದೇನ್ರಿ?" ಅಂದೆ. "ಹಳೇ ಗಾಡಿ, ಹಂಗ ಬರ್ತದ ಹೋಗ್ತದ, ನಿನಗದು ತಿಳಿಯಂಗಿಲ್ಲ" ಅಂದ್ರು.

ನಾಕು ಕಿಲೋಮೀಟರ್ ಹೋಗಿರಬೇಕು. ಇಂಜಿನ್ ಒದರ್ಲಾಕ್ಹತ್ತಿತ್ತು, ಗಾಡಿ ಮಾತ್ರ ಮುಂದ ಹೋಗ್ಲಿಲ್ಲ. ಮಟಮಟ ಮಧ್ಯಾಹ್ನ, ನಾಲ್ವತ್ತು ಡಿಗ್ರಿ ಮೀರಿದ ಬಿಸಲು. ಬಸುರಿ ಮಗಳಿಗೆ ಕಣ್ಣು ಕತ್ತಲಿ ಬಂದ್ವು. ಆಕಿ ತಲಿ ನನ್ನ ತೊಡಿ ಮ್ಯಾಲೆ ಇಟ್ಕೊಂಡು ಸೆರಗು ತೊಯ್ಸಿ ಹಣಿಗೆ ಇಡ್ತಿದ್ದೆ. ಗಾಡಿ ಕೆಳಗಿಂದ ಬರೋ ವಾಸನಿ ಆವಾಗ ಮೂಗಿಗೆ ಬಡೀತು. ಅದು ನನಗ ಗುರ್ತಿನ ವಾಸನಿ, ನಾಕು ಸಲ ಮಿರ್ಚಿ ಬಜ್ಜಿ ಕರಿದ ಎಣ್ಣಿ ಮತ್ತ ಒಲಿ ಮ್ಯಾಲೆ ಇಟ್ಟಾಗ ಬರೋದು. ಕಡೀಕ ಒಂದು ಟ್ರ್ಯಾಕ್ಟರ್ ಬಂದು ನಮ್ಮನ್ನ ಎಳಕೊಂಡು ಹೋಯ್ತು.

ಮಗಳಿಗೆ ಏನೂ ಆಗ್ಲಿಲ್ಲ, ದೇವರು ದೊಡ್ಡವ. ಆದ್ರ ಸುಟ್ಟದ್ದು ಎಣ್ಣಿ ಅಂತ ಮೆಕ್ಯಾನಿಕ್ ಹೇಳೂಕಿಂತ ಮೊದ್ಲು ನನ್ನ ಮೂಗು ಹೇಳಿತ್ತು.

ಅದು ಹೆಂಗ ಸುಡ್ತದ ಅಂತ ನಾನು ಕೇಳಿ ತಿಳಕೊಂಡದ್ದು ಹೇಳ್ತೀನಿ. ಕ್ಲಚ್ ಗಾಡ್ಯಾಗ ಇಂಜಿನ್ನಿಗೂ ಗೇರಿಗೂ ನಡುವ ಪ್ಲೇಟ್ ಇರ್ತದ. ಆಟೋಮ್ಯಾಟಿಕ್‌ದಾಗ ಆ ಜಾಗಾದಾಗ ಎಣ್ಣಿ ತುಂಬಿದ ಡಬ್ಬಿ ಇರ್ತದ, ಟಾರ್ಕ್ ಕನ್ವರ್ಟರ್ ಅಂತಾರ. ಎರಡು ಫ್ಯಾನ್ ಎದುರುಬದುರು ಇಟ್ಟಂಗ. ಇಂಜಿನ್ ಒಂದನ್ನ ತಿರುಗಿಸ್ತದ, ಅದು ಎಣ್ಣಿ ದೂಡಿ ಇನ್ನೊಂದನ್ನ ತಿರುಗಿಸ್ತದ. ರೋಡಿನ ಮ್ಯಾಲೆ ಎರಡೂ ಹೆಚ್ಚುಕಮ್ಮಿ ಸಮ ತಿರುಗ್ತಾವ. ರಾಡ್ಯಾಗ ಇಂಜಿನ್ ಜೋರು, ಗಾಡಿ ಇರುವಿ ನಡಿಗಿ. ನಡುವ ಎಣ್ಣಿ ಕಡದದ್ದೇ ಕಡದದ್ದು, ಮಜ್ಜಿಗಿ ಕಡದಂಗ. ಆ ಜೋರೆಲ್ಲಾ ಕಾವಾಗ್ತದ.

ಗಾಡಿ ಮಂದಿ ಒಂದು ಅಂದಾಜಿನ ಲೆಕ್ಕ ಹೇಳ್ತಾರ. ಆ ಎಣ್ಣಿ 80 ಡಿಗ್ರಿ ಸುತ್ತಮುತ್ತ ಇದ್ರ ಬಾಳ ದಿನ ಬರ್ತದ. ಅಲ್ಲಿಂದ ಮ್ಯಾಲೆ ಪ್ರತಿ 11 ಡಿಗ್ರಿಗೆ ಅದರ ಆಯುಷ್ಯ ಅರ್ಧ. ಅಂದ್ರ 113ಕ್ಕ ಹೋದ್ರ ಎಂಟನೇ ಒಂದು ಪಾಲು.

"ಅದನ್ನ ತಣ್ಣಗ ಮಾಡಾಕ ಕಂಪನಿಯವ್ರೇ ರೇಡಿಯೇಟರ್ ಒಳಗ ಪೈಪ್ ಇಟ್ಟಾರಲ್ಲ" ಅಂದ್ರು ಇವರು. ಇಟ್ಟಾರ, ಖರೇ. ಆದ್ರ ರೇಡಿಯೇಟರ್ ನೀರೇ 90 ಡಿಗ್ರಿ ಹತ್ರ ಇರ್ತದ. ಸುಡೋ ನೀರಾಗ ಹಾಲಿನ ಪಾತ್ರಿ ಇಟ್ಟು ತಣ್ಣಗಾಗ್ಲಿ ಅಂದ್ರ ಎಷ್ಟು ತಣ್ಣಗಾದೀತು? ಅದಕ್ಕೇ ಬ್ಯಾರೇ ಕೂಲರ್ ಬೇಕು. ಸಣ್ಣ ರೇಡಿಯೇಟರ್ ಇದ್ದಂಗ ಇರ್ತದ, ಮುಂದಿನ ಜಾಳಗಿ ಹಿಂದ, ಎ.ಸಿ. ಕಂಡೆನ್ಸರ್ ಮುಂದ ಕೂಡಿಸ್ತಾರ. ಎಣ್ಣಿ ಮೊದ್ಲು ರೇಡಿಯೇಟರ್‌ದಾಗ ಹೋಗಿ, ಆಮ್ಯಾಲೆ ಇದರಾಗ ಹಾದು, ಗೇರ್‌ಬಾಕ್ಸಿಗೆ ವಾಪಸ್ ಹೋಗ್ತದ. ಬಿಸಿ ಚಹಾ ಬಶ್ಯಾಗ ಹಾಕಿ ಊದಿ ಕುಡೀತೀವಲ್ಲ, ಅಷ್ಟೇ ಕೆಲಸ.

ಮಗ ಅದೇ ವರ್ಷ ಗಾಡಿ ತಲಿ ಮ್ಯಾಲೆ ಸಾಲು ದೀಪ ಹಾಕಿಸಿದ್ದ, ಅಗಲ ಟಾಯರ್ ಹಾಕಿಸಿದ್ದ. ಅದಕ್ಕ ಯಾರೂ "ಯಾಕ" ಅನ್ಲಿಲ್ಲ. ಕೂಲರ್ ಅಂದಾಗ ಮಾತ್ರ "ಹಳೇ ಗಾಡಿಗೆ ಎಷ್ಟು ರೊಕ್ಕ ಸುರೀಬೇಕು?" ಅಂತ ಪ್ರಶ್ನಿ ಬಂತು. ಅಲ್ಲೇ ನಾನು ಹಠ ಹಿಡದೆ. ಗೇರ್‌ಬಾಕ್ಸ್ ಬಿಚ್ಚಿದ್ರ ಲಕ್ಷದ ಮಾತು, ಕೂಲರ್ ಸಾವಿರದ ಮಾತು. ಹಳೇದಕ್ಕೇ ಇದು ಹೆಚ್ಚು ಬೇಕು. ಒಳಗಿನ ಪೈಪ್ ಸವೆದಿರ್ತದ, ರೇಡಿಯೇಟರ್ ಅರ್ಧ ಕಟ್ಟಿರ್ತದ.

ಹಾಕಿಸೋವಾಗ ನಾವು ಕೇಳಿದ್ದು ಇಷ್ಟು. ಎಣ್ಣಿಗೆ ಅಂತಲೇ ಮಾಡಿದ ಪೈಪ್ ಇರಬೇಕು, ನೀರಿನ ಪೈಪ್ ಎಣ್ಣ್ಯಾಗ ಮೆತ್ತಗಾಗಿ ಬಿಚ್ಚಿಕೊಂತದ. ಪ್ಲಾಸ್ಟಿಕ್ ಪಟ್ಟಿ ಜಾಳಗ್ಯಾಗ ತೂರಿಸಿ ಬಿಗೀಬಾರ್ದು, ಅಲುಗಾಡಿ ತೂತು ಬೀಳ್ತದ. ಕಬ್ಬಿಣದ ಪಟ್ಟಿ ಹೊಡದು ಕೂಡಿಸಬೇಕು. ಪೈಪ್ ಫ್ಯಾನಿಗೆ, ತಗಡಿನ ಅಂಚಿಗೆ ತಿಕ್ಕಬಾರ್ದು. ಸುಟ್ಟ ಎಣ್ಣಿ ತಗದು ಗಾಡಿ ಪುಸ್ತಕದಾಗ ಬರದ ಎಣ್ಣೀನೇ ಹಾಕಬೇಕು. ಕೂಲರ್‌ದಾಗ ಸ್ವಲ್ಪ ಎಣ್ಣಿ ತುಂಬ್ತದ, ಅದಕ್ಕ ಮತ್ತ ಅಳತಿ ನೋಡಬೇಕು. ರೇಡಿಯೇಟರ್ ನೀರು ಗುಲಾಬಿ ಹಾಲಿನಂಗ ಕಂಡ್ರ ಒಳಗ ಎಣ್ಣಿ-ನೀರು ಕೂಡ್ಯಾವ ಅಂತ ಅರ್ಥ, ಮೊದ್ಲು ಅದನ್ನ ರಿಪೇರಿ ಮಾಡಿಸಬೇಕು. ಮತ್ತ ನಮ್ಮ ಕಡಿ ಹತ್ತಿ ಅಳ್ಳಿ, ಧೂಳು, ಹುಳ ಎಲ್ಲಾ ಹೋಗಿ ಆ ಜಾಳಗ್ಯಾಗೇ ಕುಂದರ್ತಾವ. ತಿಂಗಳಿಗೊಮ್ಮಿ ಸಣ್ಣಗ ನೀರು ಬಿಟ್ಟು ತೊಳೀಬೇಕು, ಜೋರಾಗಿ ಹೊಡದ್ರ ರೆಕ್ಕಿ ಮಡಚ್ತಾವ.

ಇನ್ನೊಂದು ಮಾತೂ ಹೇಳಬೇಕು. ನಿಮ್ಮ ಮನ್ಯಾಗ ಕ್ಲಚ್ ತುಳಿಯೋ ಜೀಪ್ ಇದ್ರ ಇದು ನಿಮಗ ಬ್ಯಾಡ, ರೇಡಿಯೇಟರ್ ಮತ್ತ ಗೇರ್ ಎಣ್ಣಿ ಚಲೋ ಇಟ್ಕೊಂಡ್ರ ಸಾಕು. ಒಳಗ ಮೊದಲೇ ಸವೆದ ಗೇರ್‌ಬಾಕ್ಸ್ ಕೂಲರಿನಿಂದ ಹೊಸದಾಗಂಗಿಲ್ಲ. ಎಂಟು ಮಂದಿ ತುಂಬಿ ರಾಡ್ಯಾಗ ಹೊಕ್ಕೋ ಹುಚ್ಚಿಗೂ ಅದು ಔಷಧ ಅಲ್ಲ.

ದೀಪ ಹತ್ತಿದ್ರ ಏನ್ ಮಾಡಬೇಕು ಅನ್ನೋದೂ ಈಗ ನನಗ ಗೊತ್ತದ. ಗಾಡಿ ನೆರಳಾಗ ನಿಲ್ಸಿ, ಪಾರ್ಕಿಂಗಿಗೆ ಹಾಕಿ, ಇಂಜಿನ್ ಬಂದ್ ಮಾಡದೇ ಸಣ್ಣಗ ನಡೀಲಿಕ್ಕೆ ಬಿಡಬೇಕು. ಎಣ್ಣಿ ತಿರುಗಾಡ್ತಿದ್ರೇ ತಣ್ಣಗಾಗ್ತದ. ದೀಪ ಆರಿದ ಮ್ಯಾಲೇ ಮುಂದ ಹೋಗಬೇಕು. ಆವತ್ತು ನನ್ನ "ಇದೇನ್ರಿ?" ಅನ್ನೋ ಮಾತಿಗೆ ಹತ್ತು ನಿಮಿಷ ನಿಂತಿದ್ರ, ಜಾಲಿಗಿಡದ ಕೆಳಗ ಒಂದೂವರಿ ತಾಸು ಕುಂದ್ರೋದು ತಪ್ತಿತ್ತೋ ಏನೋ.

ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಮುಂದಿನ ವಾರ ಆಕಿನ್ನ ಕರ್ಕೊಂಡು ಮತ್ತ ಮಾನ್ವಿಗೆ ಹೊಂಟೀವಿ. ನಿನ್ನೆ ಇವರು ಗೇರ್ ಎಣ್ಣಿ ಕಡ್ಡಿ ಹೊರಗ ತಗದು, ಬಿಳಿ ಬಟ್ಟಿಗೆ ಒರಸಿ, ಏನೂ ಮಾತಾಡದೇ ನನ್ನ ಮುಂದ ಹಿಡದ್ರು. ಮೂಸಿ ನೋಡಿದೆ. ಬಣ್ಣ ಕೆಂಪದ, ವಾಸನಿ ಇಲ್ಲ. "ನಡೀರಿ, ಹೋಗೂಣು" ಅಂದೆ.