ಇರುಳಿನ ಕಾಯಕ



ಅಚಲವಾದುದಕ್ಕೆ ನಿದರ್ಶನ ಬೇಕಾದಾಗ ನಾವು ಧ್ರುವನಕ್ಷತ್ರವನ್ನು ನೆನೆಯುತ್ತೇವೆ. ಆದರೆ ಆ ಧ್ರುವತಾರೆಯೂ ಸುಮಾರು 4 ದಿನಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತ, ತನ್ನ ಕಾಂತಿಯಲ್ಲಿ ಅತ್ಯಲ್ಪ ಏರಿಳಿತವನ್ನು ತೋರುತ್ತದೆ. ಇಂಥ ತಾರೆಗಳು ಆಕಾಶದಲ್ಲಿ ಅಸಂಖ್ಯಾತ. ತಿಮಿಂಗಿಲ ಪುಂಜದ ಮೀರಾ ಬರಿಗಣ್ಣಿಗೆ ಕಂಡು, ಕ್ರಮೇಣ ಮರೆಯಾಗಿ, ಸುಮಾರು 332 ದಿನಗಳ ಆವರ್ತದಲ್ಲಿ ಮರಳಿ ಬೆಳಗುತ್ತದೆ. ಆಲ್ಗಾಲ್ ಎಂಬುದು ಒಂದನ್ನೊಂದು ಮರೆಮಾಡುವ ಜೋಡಿ ತಾರೆ. ಮೂರು ದಿನಗಳಿಗಿಂತ ತುಸು ಕಡಿಮೆ ಅವಧಿಗೊಮ್ಮೆ ಅದು ಮಂಕಾಗುತ್ತದೆ. ಈ ಲೆಕ್ಕವನ್ನು 1783ರಲ್ಲಿ ಲೋಕಕ್ಕೆ ತಿಳಿಸಿದವನು ಜಾನ್ ಗುಡ್‌ರಿಕ್ ಎಂಬ, ಕಿವಿ ಕೇಳದ 18ರ ಹರೆಯದ ಇಂಗ್ಲಿಷ್ ತರುಣ.

ಈ ಏರಿಳಿತಗಳನ್ನು ಅರಿಯಲು ಒಂದೆರಡು ರಾತ್ರಿಗಳ ನೋಟ ಸಾಲದು. ವರ್ಷಾನುಗಟ್ಟಲೆ ತಪ್ಪದೆ ನೋಡಿ ಬರೆದಿಡುವವರು ಬೇಕು. ಅಂಥವರಲ್ಲಿ ಒಬ್ಬರು ಅವಿಭಜಿತ ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರ. 1878ರಲ್ಲಿ ಜನಿಸಿದ ಇವರಿಗೆ ಶಾಲಾ ಪರೀಕ್ಷೆಯಲ್ಲಿ ಉತ್ತೀರ್ಣರಾಗುವ ಭಾಗ್ಯವಿರಲಿಲ್ಲ. ಸರ್ಕಾರಿ ಖಜಾನೆಯಲ್ಲಿ ನಾಣ್ಯಗಳನ್ನು ಪರೀಕ್ಷಿಸುವುದು ಅವರ ಹಗಲಿನ ಕೆಲಸ. ಇರುಳಾದರೆ 3 ಅಂಗುಲದ ಪುಟ್ಟ ದೂರದರ್ಶಕದೊಡನೆ ಆಕಾಶದ ಮುಂದೆ ಕೂಡುತ್ತಿದ್ದರು. 1918ರ ಜೂನ್ ತಿಂಗಳಲ್ಲಿ ಗರುಡ ಪುಂಜದಲ್ಲಿ ಹೊಸ ತಾರೆಯೊಂದು ಹಠಾತ್ತನೆ ಬೆಳಗಿದಾಗ ಅದನ್ನು ಸ್ವತಂತ್ರವಾಗಿ ಗುರುತಿಸಿದವರಲ್ಲಿ ಇವರೂ ಒಬ್ಬರು.

ಕಾಂತಿ ಬದಲಿಸುವ ತಾರೆಗಳ ವೀಕ್ಷಕರಿಗಾಗಿ 1911ರಲ್ಲಿ ಅಮೆರಿಕದಲ್ಲಿ ಒಂದು ಸಂಘವು ಸ್ಥಾಪನೆಯಾಗಿತ್ತು. ರಾಧಾಗೋವಿಂದರು ಆ ಸಂಘಕ್ಕೆ ತಮ್ಮ ದಾಖಲೆಗಳನ್ನು ಅಂಚೆಯ ಮೂಲಕ ಕಳುಹಿಸುತ್ತಾ ಬಂದರು. ಅವರ ನಿಷ್ಠೆಯನ್ನು ಮೆಚ್ಚಿ ಸಂಘವು 6 ಅಂಗುಲದ ದೂರದರ್ಶಕವನ್ನು ಕಡಲಾಚೆಯಿಂದ ಕಳುಹಿಸಿಕೊಟ್ಟಿತು. ಜೀವಮಾನದಲ್ಲಿ ಅವರು ಮಾಡಿದ ವೀಕ್ಷಣೆಗಳು 37 ಸಾವಿರಕ್ಕೂ ಮಿಕ್ಕಿವೆ. ಆ ದೂರದರ್ಶಕ ಮುಂದೆ ಖ್ಯಾತ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿತು.

ಸಂಬಳವಿಲ್ಲದ, ಸನ್ಮಾನದ ನಿರೀಕ್ಷೆಯಿಲ್ಲದ ಈ ದುಡಿಮೆಯನ್ನು ಕಾಯಕವೆನ್ನದೆ ಬೇರೇನೆನ್ನಬೇಕು? ದುಡಿದುದನ್ನು ತನ್ನಲ್ಲೇ ಬಚ್ಚಿಡದೆ ಲೋಕಕ್ಕೆ ಒಪ್ಪಿಸಿದ್ದು ದಾಸೋಹವೇ ಅಲ್ಲವೇ? ನಾಣ್ಯದ ಸಾಚಾತನವನ್ನು ಪರೀಕ್ಷಿಸುತ್ತಿದ್ದ ಆ ಕೈ ತನ್ನ ದಾಖಲೆಯಲ್ಲಿಯೂ ಕಂಡದ್ದನ್ನಷ್ಟೇ ಬರೆಯಿತು. ನಿನ್ನೆ ಹೀಗಿತ್ತು, ಇಂದೂ ಹೀಗೆಯೇ ಇರಬೇಕೆಂದು ಊಹಿಸಿ ಬರೆದರೆ ಇಡೀ ಸಾಲು ಕೆಡುತ್ತದೆ. ಈ ಕಾಯಕದಲ್ಲಿ ಸತ್ಯಶುದ್ಧತೆಯೇ ಬಂಡವಾಳ.

ಇದರ ಪ್ರಯೋಜನವೇನೆಂದು ಕೇಳುವವರಿಗೆ ನಮ್ಮ ರೈತರು ಮಳೆಯ ಹೆಸರಿನಿಂದ ಬಲ್ಲ ಆರ್ದ್ರಾ ನಕ್ಷತ್ರವೇ ಉತ್ತರ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಎಂದಿನ ಕಾಂತಿಯ ಮೂರನೆಯ ಒಂದು ಪಾಲಿನಷ್ಟಕ್ಕೆ ಕುಗ್ಗಿತು. ಅದು ಸಿಡಿದು ಸೂಪರ್‌ನೋವಾ ಆಗಲಿದೆಯೇ ಎಂಬ ಕುತೂಹಲದೊಡನೆ ಭಯವೂ ಹಬ್ಬಿತು. ಆದರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಬೆಳಗಿತು. ತಾರೆಯು ಹೊರಚೆಲ್ಲಿದ ವಸ್ತುವು ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದದ್ದೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. ಆ ಮಂಕು ಅಸಾಮಾನ್ಯವೆಂದು ಹೇಳಲು ಸಾಧ್ಯವಾದದ್ದು, ಹವ್ಯಾಸಿಗಳು ಹಲವು ದಶಕಗಳಿಂದ ಬರೆದಿಟ್ಟ ಲೆಕ್ಕವಿದ್ದುದರಿಂದ. ಆರ್ದ್ರಾ ಮುಂದೊಂದು ಕಾಲದಲ್ಲಿ ಸಿಡಿಯುವುದು ನಿಶ್ಚಯ; ಆದರೆ ಅದು ನೂರಾರು ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ನಮಗೆ ಅಪಾಯವಿಲ್ಲ.

ಶುಭದಿನ, ದುರ್ದಿನಗಳ ಅಂಜಿಕೆಯಿಂದ ಜನರನ್ನು ಬಿಡಿಸಲು ಶರಣರು ಹೋರಾಡಿದರು. ತಾರೆಯೊಂದು ಮಂಕಾದಾಗ ಕೇಡು ಶಂಕಿಸಿ ಶಾಂತಿ ಮಾಡಿಸಲು ಓಡುವುದಕ್ಕಿಂತ, ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವುದು ಅವರ ದಾರಿಗೆ ಹತ್ತಿರವಾದುದು.

ಇದನ್ನು ನಮ್ಮ ಮನೆಯ ಮಕ್ಕಳೂ ಮಾಡಬಹುದು. ಮಹಾಶಿವರಾತ್ರಿಯ ಜಾಗರಣೆಯ ಸಂಜೆ ಆರ್ದ್ರಾ ನೆತ್ತಿಯ ಸಮೀಪದಲ್ಲಿರುತ್ತದೆ. ಸಾಲಾಗಿ ನಿಂತ ಮೂರು ತಾರೆಗಳ ಪಕ್ಕದಲ್ಲಿ ಕೆಂಪಗೆ ಹೊಳೆಯುವುದೇ ಅದು. ತುಸು ಪಶ್ಚಿಮಕ್ಕಿರುವ, ಕೆಂಪು ಛಾಯೆಯದೇ ಆದ ರೋಹಿಣಿಯೊಡನೆ ಅದನ್ನು ಹೋಲಿಸಿರಿ: ಹೆಚ್ಚೋ, ಸಮವೋ, ಕಡಿಮೆಯೋ? ದಿನಾಂಕ ಮತ್ತು ವೇಳೆಯೊಡನೆ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ವಾರಕ್ಕೊಮ್ಮೆ, ಹಿಂದಿನ ಪುಟವನ್ನು ತಿರುವಿ ನೋಡದೆ, ಹೊಸದಾಗಿ ಬರೆಯಿರಿ. ದೂರದರ್ಶಕ ಬೇಕಿಲ್ಲ, ಹಣ ಬೇಕಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸವೊಂದು ಮಗುವಿನಲ್ಲಿ ನೆಲೆಸಿದರೆ, ಆ ಲಾಭವು ಆಕಾಶಕ್ಕಷ್ಟೇ ಸೀಮಿತವಾಗಲಾರದು.