ಬಸ್ಸಾರು ಮಾಡೋ ಜನ ಪಾಸ್ತಾ ನೀರು ಚೆಲ್ಲಬಹುದೇ?

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಬೈಯಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈಯಿರಿ :)

ಮೊನ್ನೆ ಬುಧವಾರ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಏಳೂವರೆಗೆ ಆಫೀಸಿನಿಂದ ಬಂದವಳು ಎಂಟಕ್ಕೆ ಒಲೆ ಹಚ್ಚಿದಳು. "ತರಕಾರಿ ಹಾಕಿ ಕ್ರೀಮಿ ಪಾಸ್ತಾ ಕಣೇ, ಇಪ್ಪತ್ತೇ ನಿಮಿಷ" ಅಂದಳು. ಒಂದು ಪಾತ್ರೆಯಲ್ಲಿ ಪಾಸ್ತಾ, ಬಾಣಲೆಯಲ್ಲಿ ತರಕಾರಿ, ಮೂರನೆಯದರಲ್ಲಿ ಬೆಣ್ಣೆ, ಮೈದಾ, ಹಾಲು. ಪಾಸ್ತಾ ಬೆಂದ ಕೂಡಲೇ ನೀರನ್ನೆಲ್ಲ ಸಿಂಕಿಗೆ ಬಗ್ಗಿಸಿದಳು. ನಲ್ಲಿ ಕೆಳಗೆ ಹಿಡಿದು ತೊಳೆದಳು. ಮೇಲೆ ಎಣ್ಣೆ ಸವರಿದಳು. ಅಷ್ಟರಲ್ಲಿ ಅತ್ತ ಸಾಸು ಗಂಟುಗಂಟು. ಅದಕ್ಕೆ ಅರ್ಧ ಪ್ಯಾಕೆಟ್ ಕ್ರೀಮು ಸುರಿದದ್ದಾಯ್ತು. ಊಟಕ್ಕೆ ಕೂತಾಗ ಒಂಬತ್ತೂಕಾಲು. ಸಾಸು ತಟ್ಟೆಯ ತಳದಲ್ಲಿ, ಪಾಸ್ತಾ ಅದರ ಮೇಲೆ ಬೇರೆಯೇ ಒಣಗಿಕೊಂಡು... ಮಗ ಬಟಾಣಿ ಮಾತ್ರ ಆರಿಸಿ ತಿಂದು ಎದ್ದ. "ನಂಗೆ ಅಡುಗೆ ಬರಲ್ಲ ಬಿಡು" ಅಂದಳು ಇವಳು.

ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಇವಳು ಮಂಡ್ಯದವಳು. ಇವಳ ಬಸ್ಸಾರು ಅಂದರೆ ನಾವೆಲ್ಲ ಕರೆಯದಿದ್ದರೂ ಹೋಗಿ ಕೂರ್ತೀವಿ. ಸೊಪ್ಪು, ಕಾಳು ಬೇಯಿಸಿ ಬಸಿದು, ಬಸಿದ ನೀರಿಗೆ ಮಸಾಲೆ ಅರೆದು ಹಾಕಿ ಸಾರು, ಉಳಿದದ್ದು ಪಲ್ಯ. ಒಂದು ಹನಿ ಚೆಲ್ಲುವ ಪ್ರಶ್ನೆಯೇ ಇಲ್ಲ. ನಮ್ಮಜ್ಜಿ ಅನ್ನ ಬಸಿದ ಗಂಜಿಯಲ್ಲಿ ಒಂದು ಪಾಲು ಉಪ್ಪು ಹಾಕಿ ಕುಡಿದು, ಇನ್ನೊಂದು ಪಾಲು ಕಾಟನ್ ಸೀರೆಗೆ ಹಾಕ್ತಿದ್ದಳು. ಬೆಂದ ನೀರಿನ ಬೆಲೆ ಇಷ್ಟು ಚೆನ್ನಾಗಿ ಗೊತ್ತಿರೋ ಜನ ನಾವು. ಪಾಸ್ತಾ ಅಂದ ತಕ್ಷಣ ಈ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತೆ ಸ್ವಾಮಿ?

ಅವಳು ಚೆಲ್ಲಿದ್ದು ಸಾಸನ್ನೇ. ಪಾಸ್ತಾ ಬೇಯುವಾಗ ಅದರ ಪಿಷ್ಟ ನೀರಿಗೆ ಬಿಡುತ್ತೆ, ನೀರು ಮಸುಕಾಗುತ್ತೆ. ಆ ನೀರನ್ನು ಬೆಣ್ಣೆ, ಚೀಸಿನ ಜೊತೆ ಬಿಸಿಯಲ್ಲಿ ಕಲೆಸಿದರೆ ಜಿಡ್ಡು ಮತ್ತು ನೀರು ಬೇರೆಯಾಗದ ಹಾಗೆ ಪಿಷ್ಟ ಹಿಡಿದುಕೊಳ್ಳುತ್ತೆ. ನಾವು ಹೋಟೆಲಿನಲ್ಲಿ 'ಕ್ರೀಮಿ' ಅಂತ ಬಾಯಿ ಚಪ್ಪರಿಸೋ ಆ ನುಣುಪು ಬರೋದು ಹೀಗೆ. ಇಟಲಿಯವರ ಹಳೇ ಲೆಕ್ಕ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು. ಅಷ್ಟು ಬೇಕಿಲ್ಲ ಅಂತ ಹೆರಾಲ್ಡ್ ಮೆಕ್‌ಗೀ 2009ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದರು. ನೀರು ಕಮ್ಮಿಯಾದಷ್ಟೂ ಗಂಜಿ ದಪ್ಪ, ನಮ್ಮ ಕೆಲಸಕ್ಕೆ ಅದೇ ಒಳ್ಳೇದು.

ತೊಳೆಯೋ ಚಾಳಿ ಎಲ್ಲಿಂದ ಬಂತು ಅಂತ ನನಗೊಂದು ಗುಮಾನಿ. ಶಾವಿಗೆ ಉಪ್ಪಿಟ್ಟು! ಶಾವಿಗೆ ಉದುರುದುರಾಗಬೇಕು, ಅದಕ್ಕೇ ತಣ್ಣೀರು, ಎಣ್ಣೆ. ಅಲ್ಲಿ ಅದು ಸರಿಯೇ. ಪಾಸ್ತಾದಲ್ಲಿ ಸಾಸು ಅಂಟಿಕೊಳ್ಳಬೇಕು, ನಾವೋ ಅಂಟೋದನ್ನೆಲ್ಲ ತೊಳೆದು, ಜಾರಲಿ ಅಂತ ಎಣ್ಣೆ ಬೇರೆ ಹಚ್ಚಿ, ಆಮೇಲೆ ಸಾಸು ಹಿಡೀತಿಲ್ಲ ಅಂತ ಕ್ರೀಮು ಸುರೀತೀವಿ.

ಆ ಕ್ರೀಮಿನ ಲೆಕ್ಕವನ್ನೂ ನೋಡಿಬಿಡಿ. ಅಂಗಡಿಯ 'ಫ್ರೆಶ್ ಕ್ರೀಮ್'ನಲ್ಲಿ ಕೊಬ್ಬು ಸುಮಾರು ಶೇ. 25. ಇಬ್ಬರಿಗೆ 200 ಮಿಲಿ ಅಂತ ಎಷ್ಟೋ ರೆಸಿಪಿಗಳಲ್ಲಿ ಇದೆ. ತಲಾ 25 ಗ್ರಾಂ ಕೊಬ್ಬು, ಬೆಣ್ಣೆ, ಚೀಸು ಬಿಟ್ಟು! ಅರ್ಧ ಪ್ಯಾಕೆಟ್ ಉಳಿದರೆ ಅದು ಫ್ರಿಜ್ಜಿನ ಬಾಗಿಲಲ್ಲಿ ಕೂತು ಹುಳಿಯಾಗಿ ಭಾನುವಾರ ಕಸಕ್ಕೆ. ಮೈದಾ ಸಾಸಿನ ಕತೆ ಇನ್ನೊಂದು. ಬಿಸಿಯಿದ್ದಾಗ ಚೆನ್ನ, ಆರಿದ ಮೇಲೆ ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚಬಹುದು.

ಮತ್ತೆ ಈ ಕ್ರೀಮು-ತರಕಾರಿ ಜೋಡಿ ಇಟಲಿಯ ಅಜ್ಜಿಯರ ಕೊಡುಗೆ ಅಂತ ಭಯಭಕ್ತಿ ಬೇಡ. ಇದರಲ್ಲಿ ಹೆಸರುವಾಸಿಯಾದ 'ಪಾಸ್ತಾ ಪ್ರಿಮವೇರಾ' ನ್ಯೂಯಾರ್ಕಿನ ಲೆ ಸರ್ಕ್ ಎಂಬ ದುಬಾರಿ ರೆಸ್ಟೋರೆಂಟಿನದ್ದು. 1977ರಲ್ಲಿ ಕ್ರೇಗ್ ಕ್ಲೇಬೋರ್ನ್ ಮತ್ತು ಪಿಯೆರ್ ಫ್ರಾನೇ ಪತ್ರಿಕೆಯಲ್ಲಿ ಅದರ ರೆಸಿಪಿ ಬರೆದು ಮನೆಮನೆಗೆ ಮುಟ್ಟಿಸಿದರು. ಅದರಲ್ಲಿ ಹಸಿರು ತರಕಾರಿಗಳನ್ನೆಲ್ಲ ಬೇರೆಬೇರೆಯಾಗಿ ಬೇಯಿಸಬೇಕು! ಪಾತ್ರೆ ತೊಳೆಯೋಕೆ ಬೇರೆಯವರಿರೋ ಕಡೆ ಹುಟ್ಟಿದ ಅಡುಗೆ. ಅದನ್ನು ಬುಧವಾರ ರಾತ್ರಿ ಎಂಟು ಗಂಟೆಗೆ ತಂದು 'ಇಪ್ಪತ್ತು ನಿಮಿಷ' ಅಂತ ಚೀಟಿ ಅಂಟಿಸೋದು ಮೋಸ. ರೆಸಿಪಿ ಶುರುವಾಗೋದೇ 'ಹೆಚ್ಚಿದ ಬೀನ್ಸ್ ಒಂದು ಬಟ್ಟಲು' ಅಂತ. ಹೆಚ್ಚಿಟ್ಟವರು ಯಾರ್ರೀ?

ಇನ್ನೊಂದು ಪಕ್ಷದವರೂ ಇದ್ದಾರೆ, 'ಇದೆಲ್ಲ ಬರೀ ಮೈದಾ, ನಮ್ಮ ಊಟವೇ ಅಲ್ಲ' ಅನ್ನೋರು. ಪ್ಯಾಕೆಟ್ಟು ತಿರುಗಿಸಿ ಓದಿ ಸ್ವಾಮಿ. ಇಟಲಿಯಲ್ಲಿ ಒಣ ಪಾಸ್ತಾ ಡ್ಯೂರಮ್ ಗೋಧಿ ರವೆಯದ್ದೇ ಆಗಿರಬೇಕು ಅಂತ 1967ರಿಂದ ಕಾನೂನಿದೆ. ನಮ್ಮಲ್ಲೂ ಡ್ಯೂರಮ್ ರವೆಯದ್ದು ಸಿಗುತ್ತೆ. ಆ ಗೋಧಿಯನ್ನು ವಿಜಯಪುರ, ಬಾಗಲಕೋಟೆ, ಧಾರವಾಡದ ಎರೆಹೊಲಗಳಲ್ಲೂ ಬೆಳೀತಾರೆ. ಮೈದಾ ಬೆರೆಸಿದ್ದು ಬೇಗ ಮುದ್ದೆಯಾಗುತ್ತೆ, ಅದನ್ನು ಬಿಡಿ.

ನಾನು ಮಾಡೋದು ಹೀಗೆ. ಇಬ್ಬರಿಗೆ ಒಂದೂಕಾಲು ಲೀಟರ್ ನೀರು, ಒಂದು ಚಮಚ ಉಪ್ಪು. ಅದು ಕುದಿಯೋದರೊಳಗೆ ಹುರುಳಿಕಾಯಿ, ಕ್ಯಾರೆಟ್ ಹೆಚ್ಚಿಕೊಳ್ತೀನಿ. 180 ಗ್ರಾಂ ಪಾಸ್ತಾ ಹಾಕಿ, ಬೇಯೋಕೆ ಐದು ನಿಮಿಷ ಇರೋವಾಗ ತರಕಾರಿಯನ್ನೂ ಅದೇ ಪಾತ್ರೆಗೆ, ಎರಡು ನಿಮಿಷ ಇರೋವಾಗ ಹಸಿ ಬಟಾಣಿ. ಬಸಿಯೋ ಮೊದಲು ಎರಡು ಲೋಟ ನೀರು ಎತ್ತಿಡಿ. ಪಾತ್ರೆ ಅದೇ, ಒಂದು ದೊಡ್ಡ ಚಮಚ ಬೆಣ್ಣೆ, ಜಜ್ಜಿದ ನಾಲ್ಕೆಸಳು ಬೆಳ್ಳುಳ್ಳಿ. ಘಮ ಬಂದ ಮೇಲೆ ಒಂದು ಲೋಟ ಗಂಜಿನೀರು, ಒಂದು ಕುದಿ, ಪಾಸ್ತಾ ತರಕಾರಿ ವಾಪಸ್. ಒಲೆ ಆರಿಸಿ ತುರಿದ ಚೀಸ್ ಕ್ಯೂಬ್ ಎರಡು, ಸುಮಾರು 50 ಗ್ರಾಂ. ಒಂದು ನಿಮಿಷ ಬಿಡದೆ ಕಲೆಸಿ. ಗಟ್ಟಿ ಅನ್ನಿಸಿದರೆ ಇನ್ನೊಂದಿಷ್ಟು ನೀರು. ಮೆಣಸಿನಪುಡಿ, ಅಂದರೆ ಕರಿಮೆಣಸಿಂದು.

ಪ್ರೊಸೆಸ್ಡ್ ಚೀಸ್ ಅಂತ ಮೂಗು ಮುರೀಬೇಡಿ. ಅದರಲ್ಲಿರೋ ಎಮಲ್ಸಿಫೈಯಿಂಗ್ ಲವಣಗಳಿಂದಲೇ ಅದು ಉಂಡೆಯಾಗದೆ ಕರಗೋದು. ಅಸಲಿ ಪಾರ್ಮಿಜಾನೋಗೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ, ಸಸ್ಯಾಹಾರಿಗಳು ಗಮನಿಸಿ. ಕ್ರೀಮು ಬೇಕೇ ಬೇಕು ಅನ್ನೋರಿಗೆ ಕಾಸಿದ ಹಾಲಿನ ಮೇಲಿನ ಕೆನೆ ಎರಡು ಚಮಚ ಧಾರಾಳ.

ಹೆಚ್ಚೋದೂ ಸೇರಿ ಮೂವತ್ತೈದು ನಿಮಿಷ. ಇಪ್ಪತ್ತು ಅಂತ ನಾನಂತೂ ಹೇಳಲ್ಲ. ಪಾತ್ರೆ ಒಂದು, ತೂತಿನ ಬುಟ್ಟಿ ಒಂದು.

ಇದನ್ನೆಲ್ಲ ಆ ರಾತ್ರಿಯೇ ಅವಳಿಗೆ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅಯ್ಯೋ, ಕಟ್ಟು ತೆಗೆದಿಡೋದು ಅಂತ ಮೊದಲೇ ಹೇಳಬಾರದಿತ್ತೇನೇ?" ಅಂದಳು.